ಜಾಲಹಳ್ಳಿಯವರು ನಮ್ಮ ಡಬ್ಬಿ ಕೇಳಿದ್ದು

ಪೀಣ್ಯ ಎರಡನೇ ಹಂತ
ಮಂಗಳವಾರ, ಸಂಜೆ

ವನಜಾ, ನನ್ನ ಬಂಗಾರ,

ಇವತ್ತು ಸೂಪರ್‌ವೈಸರ್ ನನ್ನ ಟೆಸ್ಟಿಂಗ್‌ನಿಂದ ಎತ್ತಿ ಪ್ಯಾಕಿಂಗ್‌ಗೆ ಹಾಕ್ದ. ಅದೂ ಸಾಲದು ಅಂತ ರೂಮಿಗೆ ಬಂದ್ರೆ ನಲ್ಲಿಲಿ ನೀರಿಲ್ಲ. ಟೇಪ್ ಸುತ್ತಿ ಸುತ್ತಿ ಬೆರಳು ಬಗ್ತಿಲ್ಲ, ಅದಕ್ಕೆ ಬಾಯಲ್ಲೇ ಹೇಳ್ತಿದೀನಿ, ಮೊಬೈಲೇ ಅಕ್ಷರ ಮಾಡ್ಕೊಳ್ಳಲಿ. ನೀನು ಅತ್ತಿಬೆಲೆಲಿ ಆಗ್ಲೇ ಮೈಸೂರ್ ಪಾಕ್ ಹಂಚಿದೀಯಂತೆ. ಸ್ವಲ್ಪ ತಡೀಬಾರದಿತ್ತಾ?

ಭಾನುವಾರ ಗೆದ್ವಿ ಅಂತ ಫೋನಲ್ಲಿ ಕೂಗಿದೆ, ನಿಜ. ಈಗ ಪೂರ್ತಿ ಕೇಳು.

ಜಾಲಹಳ್ಳಿಲಿ ಭಾನುಪ್ರಕಾಶ್ ಸಾರ್ ಮನೆ ಹಾಲಲ್ಲಿ ಸ್ಪೀಕರ್‌ಗಳು ಬೀರು ಎತ್ತರ ಇವೆ. ಅವರ ಜೊತೆ ಫ್ಯಾಕ್ಟರಿಲಿ ರಿಟೈರ್ ಆದ ನಾಲ್ಕು ಜನ ಬಂದಿದ್ರು. ನಾವಿಬ್ರೂ ಮಾಡಿದ ಡ್ಯಾಕ್ ನೋಡಿ ಸಾರ್ ಮನೆಯವರು ಭದ್ರಮ್ಮ, ಏನಮ್ಮಾ ಇದು, ಉಪ್ಪಿನಕಾಯಿ ಡಬ್ಬಿನಾ ಅಂದ್ರು. ಕಂಪ್ಯೂಟರಲ್ಲಿ ಹಾಡು ಬರೀ ಅಂಕಿ ಆಗಿರುತ್ತೆ ಅಮ್ಮಾ, ಸ್ಪೀಕರಲ್ಲಿ ಕೇಳೋ ಹಂಗೆ ಅದನ್ನ ಬದಲಾಯಿಸೋ ಡಬ್ಬಿ ಇದು ಅಂದೆ. ಹಂಗಾದ್ರೆ ನಮ್ಮನೆಯವರ ಗೊರಕೆನೂ ಬದಲಾಯಿಸುತ್ತಾ ಅಂದ್ರು.

ಸಾರ್‌ದು ಫಾರಿನ್ ಡ್ಯಾಕು. ಎರಡರ ಮೇಲೂ ಒಂದು ಬೆಡ್‌ಶೀಟ್ ಮುಚ್ಚಿದ್ರು. ಒಂದೇ ವೀಣೆ ರೆಕಾರ್ಡಿಂಗ್ ಎರಡು ಸಲ, ಮೊದಲು ಅವರದ್ರಲ್ಲಿ, ಆಮೇಲೆ ನಮ್ಮದ್ರಲ್ಲಿ. ಕೈ ಎತ್ತೋ ಹಂಗಿಲ್ಲ, ಒಬ್ಬರನ್ನ ನೋಡಿ ಇನ್ನೊಬ್ಬರು ಎತ್ತುತಾರಂತೆ. ಹಿಂದೆ ಫ್ಯಾಕ್ಟರಿ ಟೂಲ್ ಸ್ಟೋರಲ್ಲಿ ಸಾಮಾನು ತಗೊಳ್ಳೋವಾಗ ತಮ್ಮ ನಂಬರ್ ಇರೋ ಹಿತ್ತಾಳೆ ಬಿಲ್ಲೆ ಒತ್ತೆ ಇಡ್ತಿದ್ರಲ್ಲ, ಹೆಂಗೋ ಉಳಿಸ್ಕೊಂಡ ಆ ಬಿಲ್ಲೆನ ಇಷ್ಟ ಆದ ಡಬ್ಬಿ ಲೋಟಕ್ಕೆ ಹಾಕ್ಬೇಕು. ಐದಕ್ಕೆ ಐದೂ ನಮ್ಮ ಲೋಟಕ್ಕೆ ಬಿತ್ತು ಕಣೇ! ಎಲ್ರೂ ಒಂದೊಂದು ಮಾಡ್ಕೊಡಿ ಅಂದ್ರು. ಐದು ಡಬ್ಬಿ ಹೋದ್ರೆ ನಾವಿಬ್ರೂ ಕೆಲಸ ಬಿಟ್ಟು ಸ್ವಂತ ವರ್ಕ್‌ಬೆಂಚು ಹಾಕ್ಬಹುದು ಅಂತ ಅಲ್ಲೇ ಕನಸು ಕಂಡೆ.

ಹೊರಡೋವಾಗ ಭದ್ರಮ್ಮ, ನಿಂದು ಜೋರಾಗಿ ಬಂತಮ್ಮ, ಅಡುಗೆಮನೆಗೂ ಕೇಳಿಸ್ತು ಅಂದ್ರು.

ನಿನ್ನೆ ಊಟದ ಹೊತ್ತಲ್ಲಿ ನಮ್ಮ ಡಬ್ಬಿನ ನಮ್ಮ ಫ್ಯಾಕ್ಟರಿ ಮೀಟರ್‌ಗೆ ಹಾಕಿ ನೋಡ್ದೆ. ಸಾರ್ ಡ್ಯಾಕ್‌ನ ಕಂಪನಿ ಹೇಳೋ ಲೆಕ್ಕಕ್ಕಿಂತ ನಮ್ಮದು ಜಾಸ್ತಿ ವೋಲ್ಟೇಜ್ ಕೊಡ್ತಿದೆ, ಅದಕ್ಕೇ ಜೋರು. ಸ್ವಲ್ಪ ಜೋರಾಗಿ ಕೇಳಿಸೋದೇ ಕಿವಿಗೆ ಚೆನ್ನಾಗನ್ಸುತ್ತೆ, ನಿನಗೂ ಗೊತ್ತು. ಐದೂ ಬಿಲ್ಲೆ ಬಿದ್ದಿದ್ದು ವೀಣೆಗೋ ಜೋರಿಗೋ, ಯಾರಿಗೆ ಗೊತ್ತು?

ಬೆಳಿಗ್ಗೆ ಸಾರ್‌ಗೆ ಫೋನ್ ಮಾಡಿ ಹೇಳ್ದೆ. ಅವರು, ಮೂವತ್ತೊಂದು ವರ್ಷ ಇನ್‌ಸ್ಪೆಕ್ಷನಲ್ಲಿ ಇದ್ದೋನು ನಾನು, ಅಳತೆ ನೋಡದೆ ಪಾಸ್ ಮಾಡ್ಬಿಟ್ನಲ್ಲ, ಮೊನ್ನೆ ಬಂದಿದ್ನಲ್ಲ ಚಿನ್ನಪ್ಪ, ಅವನಿಗೆ ಗೊತ್ತಾದ್ರೆ ಸಾಯೋವರೆಗೂ ಆಡ್ಕೋತಾನೆ ಅಂದ್ರು. ಆರ್ಡರ್ ಸದ್ಯಕ್ಕೆ ಇಲ್ಲ. ಬರೋ ಭಾನುವಾರ ಮೀಟರ್ ಇಟ್ಟು, ಎರಡೂ ಸಮ ಮಾಡಿ, ಇನ್ನೊಂದ್ಸಲ ಕೇಳ್ತಾರಂತೆ.

ಅಳಬೇಡ. ನಿನ್ನೆ ರೂಮಲ್ಲಿ ಸೌಂಡ್ ಕಮ್ಮಿ ಮಾಡಿ ಕೇಳ್ದೆ. ತಂತಿ ಮೀಟಿ ಬಿಟ್ಮೇಲೂ ನಾದ ಎಳ್ಕೊಂಡು ಹೋಗುತ್ತಲ್ಲ, ಅದು ಹಂಗೇ ಇದೆ. ನಮ್ಮ ಡಬ್ಬಿ ಸಕ್ಕತ್ತಾಗಿದೆ ಮಗಾ. ಐದು ಬೀಳದಿದ್ರೆ ಮೂರು ಬೀಳುತ್ತೆ. ನೀನು ಶನಿವಾರ ಸೋಲ್ಡರಿಂಗ್ ಐರನ್ ತಗೊಂಡು ಬಾ, ಎರಡು ರೆಸಿಸ್ಟರ್ ಬದಲಾಯಿಸಿದ್ರೆ ಸಾಕು, ಸೌಂಡ್ ಸಮ ಆಗುತ್ತೆ. ನನ್ನ ಕೈಗಿಂತ ನಿನ್ನ ಕೈ ನೆಟ್ಟಗೆ.

ನಿನ್ನ ಪಾಲುದಾರಳು,
ಗೌರಿ

ಮರೆತಿದ್ದು: ಮರೆತಿದ್ದಲ್ಲ, ಹೇಳೋಕಾಗ್ಲಿಲ್ಲ. ಮೀಟರ್ ಬೇಕಾಗಿರ್ಲಿಲ್ಲ ವನಜಾ. ವೀಣೆ ಎರಡನೇ ಸಲ ಶುರುವಾದ ತಕ್ಷಣ ನಮ್ಮದು ಜೋರು ಅಂತ ನನಗೆ ಗೊತ್ತಾಯ್ತು. ವಾಲ್ಯೂಮ್ ಗುಂಡಿ ನನ್ನ ಕೈಹತ್ರಾನೇ ಇತ್ತು. ತಿರುಗಿಸ್ಲಿಲ್ಲ. ಡಬ್ಬಿ ಸೋಲ್ಡರ್ ಮಾಡೋವಾಗ ಸುಟ್ಟ ನಿನ್ನ ಬೆರಳು ನೆನಪಾಗಿ ಸುಮ್ನಿದ್ದೆ ಅಂದ್ರೆ ಸುಳ್ಳಾಗುತ್ತೆ, ನನಗೆ ಗೆಲ್ಬೇಕಿತ್ತು. ಇದನ್ನೂ ಭಾನುವಾರ ಎಲ್ಲರ ಮುಂದೆ ಹೇಳ್ತೀನಿ, ಬಿಲ್ಲೆ ಹಾಕೋಕೆ ಮುಂಚೆ. ಅದಕ್ಕೂ ಮೊದಲು ನೀನು ಬೈಬೇಕು. ನಾಳೆ ಮಧ್ಯಾಹ್ನ ಒಂದೂ ಹತ್ತಕ್ಕೆ ಫೋನ್ ಮಾಡು.