ಕೆಂಪು ಪಟ್ಟಿಯೊಳಗಿನ ಕುಣಿಕೆ

ಯಾರದು, ನನ್ನ ಪೆಟ್ಟಿಗೆ ಕೆದಕಿ ಇದನ್ನು ಓದುತ್ತಿರುವುದು? ನಾಚಿಕೆಯಾಗುವುದಿಲ್ಲವೇ? ಎರಡನೇ ಕ್ಲಾಸು ಓದಿದ ಮುದುಕಿಯ ಅಕ್ಷರ ನೋಡಿ ಹಲ್ಲು ಕಿಸಿಯಬೇಡ. ಇದು ಸತ್ತ ನನ್ನ ಗಂಡನಿಗೆ ಬರೆದದ್ದು, ನಿನಗಲ್ಲ. ಮಡಚಿ ಇಡು.

ತಿಮ್ಮನ ಅಪ್ಪನಿಗೆ,

ನೀವು ಹೋಗಿ ಮೂರು ವರ್ಷವಾಯಿತು. ಕೊಡಗಿಗೆ ಓಟು ಬಂತು, ಮಂತ್ರಿಗಳೂ ಬಂದರು. ಶಿರಂಗಾಲದ ಈ ಮನೆಯಲ್ಲಿ ಮಾತ್ರ ನಿಮ್ಮ ಸುಳ್ಳೇ ಇನ್ನೂ ಯಜಮಾನಿಕೆ ಮಾಡುತ್ತಿದೆ. ಕ್ಷೇಮ ಕೇಳುವುದಿಲ್ಲ. ಸಿಟ್ಟಿನಲ್ಲಿದ್ದೇನೆ.

ಗರಡಿ ಮುಂದಿನ ಗುಂಡುಕಲ್ಲನ್ನು ಅದರ ಕಬ್ಬಿಣದ ಬಳೆ ಹಿಡಿದೆತ್ತಿ, ಒಂಬತ್ತು ಹೆಜ್ಜೆ ನಡೆದ ದಿನ ನೆನಪಿದೆಯೇ? ಊರೆಲ್ಲ ಶಿಳ್ಳೆ ಹೊಡೆಯಿತು. ಅದರ ಹಿಂದಿನ ವಾರ ಬರಿಗೈಯಲ್ಲಿ ಎತ್ತಿ ಎರಡೇ ಹೆಜ್ಜೆಗೆ ಬಿಟ್ಟಿದ್ದಿರಿ. ಬುತ್ತಿ ತಂದ ನಾನೊಬ್ಬಳೇ ನೋಡಿದ್ದು. ಮನೆಗೆ ಬಂದವರೇ ನನ್ನ ಹಳೇ ಸೀರೆಯ ಅಂಚು ಹರಿದು, "ಇದ್ಕೊಂದು ಕುಣಿಕೆ ಹೊಲ್ಕೊಡು" ಎಂದಿರಿ. ಒಂದು ತುದಿ ಮಣಿಕಟ್ಟಿಗೆ, ಇನ್ನೊಂದು ತುದಿ ಕಲ್ಲಿನ ಬಳೆಗೆ ಸುತ್ತು. ಯಾರಿಗೂ ಕಾಣದ ಹಾಗೆ ಮೇಲೊಂದು ಕೆಂಪು ಪಟ್ಟಿ. ಭಾರವನ್ನೆಲ್ಲ ಮಣಿಕಟ್ಟು ಹೊತ್ತಿತು, ಬೆರಳುಗಳು ಮದುವೆಗೆ ಬಂದ ನೆಂಟರ ಹಾಗೆ ಸುಮ್ಮನೆ ಜೊತೆಗಿದ್ದವು. "ಬಾಯಿ ಬಿಟ್ರೆ ನಿನ್ ತಾಳಿ ಮೇಲಾಣೆ" ಎಂದಿರಿ. ತಾಳಿ ನಿಮ್ಮ ಜೊತೆ ಹೋಯಿತು. ಆಣೆ ಮಾತ್ರ ನನ್ನ ಕೊರಳಲ್ಲೇ ಉಳಿಯಿತು. ಇದು ಯಾವ ಸೀಮೆಯ ನ್ಯಾಯ?

ಹೋದ ಸುಗ್ಗಿಯಲ್ಲಿ ನಿಮ್ಮ ಮಗ ಊಟಕ್ಕೆ ಕುಳಿತವನು ಮುದ್ದೆ ಮುರಿಯಲಾರದೆ ಕೈ ಹಿಂದಕ್ಕೆ ತೆಗೆದ. ಅಂಗೈ ಚರ್ಮ ಕಿತ್ತು ಬಂದಿತ್ತು. ನಿಮ್ಮ ಜಾಗದಲ್ಲಿ ಗರಡಿ ನಡೆಸುವವನಲ್ಲವೇ, ನಿಮ್ಮ ಒಂಬತ್ತು ಹೆಜ್ಜೆ ಅವನಿಗೂ ಬೇಕಂತೆ. ನಾಲ್ಕಕ್ಕೇ ಕಲ್ಲು ಜಾರಿತ್ತು. "ಹುಲಿ ಹೊಟ್ಟೇಲಿ ಇಲಿ ಹುಟ್ತಲ್ಲಪ್ಪ" ಅಂತ ಕಟ್ಟೆಯ ಮೇಲೆ ಕೂತವರು ನಕ್ಕರಂತೆ.

"ಬೆನ್ನು ತಡೀತದೆ ಕಣವ್ವ, ಕಾಲೂ ತಡೀತದೆ. ಬೆರಳೇ ಬಿಚ್ಕತವೆ. ಅಪ್ಪಯ್ಯಂಗೆ ಹೆಂಗಾಯ್ತು?" ಎಂದು ಕೇಳಿದ. ಏನು ಹೇಳಲಿ? ಹೇಳಿ, ಏನು ಹೇಳಬೇಕಿತ್ತು ನಾನು?

ಮಾರನೆಯ ಬೆಳಗ್ಗೆ ಅವನನ್ನು ಬಾವಿಕಟ್ಟೆಗೆ ಎಳೆದುಕೊಂಡು ಹೋದೆ. ರಾಟೆ ಬಿಚ್ಚಿಸಿ ಬರೀ ಹಗ್ಗದಲ್ಲಿ ನೀರು ಸೇದಿಸಿದೆ. ನೆನೆದ ಕಂಬಳಿಯನ್ನು ಒಂದು ಹನಿ ಉಳಿಯದಂತೆ ಹಿಂಡಿಸಿದೆ. ತುಂಬಿದ ಕೊಡವನ್ನು ಕಂಠದಲ್ಲೇ, ಬೆರಳ ತುದಿಯಲ್ಲೇ ಹಿಡಿದು ತರಿಸಿದೆ.

"ಅಂಗೈ ನಡುವೆ ಅಲ್ಲ ಕಣ್ಲಾ, ಬೆರಳ ಬುಡ್ದಾಗೆ ಹಿಡಿ. ಕೈಗೆ ಎಣ್ಣೆ ಮುಟ್ಟಿಸ್ಬೇಡ, ಬೂದಿ ಉಜ್ಕೊ."

"ಇದೆಲ್ಲ ಹೆಂಗಸ್ರ ಕೆಲ್ಸ ಅಲ್ವೇನವ್ವ?"

"ಅದ್ಕೇ ನಮ್ ಕೈಯಿಂದ ಏನೂ ಜಾರಾಕಿಲ್ಲ. ಹಿಂಡು."

ನಿಮಗೆ ಗೊತ್ತಿಲ್ಲದ ಸುದ್ದಿ ಕೇಳಿ. ಕಳೆದ ಸೋಮವಾರ ತಿಮ್ಮ ಬರಿಗೈಯಲ್ಲಿ ಆರು ಹೆಜ್ಜೆ ನಡೆದ. ಆರು! ನೀವು ಬರಿಗೈಯಲ್ಲಿ ನಡೆದದ್ದರ ಮೂರರಷ್ಟು. ಕಲ್ಲಿಳಿಸಿ ಅತ್ತ. ಸಂತೋಷಕ್ಕಲ್ಲ, ಇನ್ನೂ ಮೂರು ಕಮ್ಮಿಯಾಯಿತಲ್ಲ ಎಂದು. "ಮುಂದಿನ್ ತಿಂಗ್ಳು ಮೊದಲ್ನೇ ಸ್ವಾಮಾರ ಒಂಬತ್ತು ಆಗ್ಲಿಲ್ಲ ಅಂದ್ರೆ ಗರಡಿಗೆ ಬೀಗ ಹಾಕ್ಬಿಡ್ತೀನಿ ಕಣವ್ವ. ಅಪ್ಪನ ಹೆಸ್ರು ಉಳ್ಸಾಕಾಗ್ದೋನು ಇನ್ನೊಬ್ರಿಗೆ ಏನು ಕಲಿಸ್ತಾನೆ?" ಎಂದ. ಹೆತ್ತ ಮಗ ಎದುರಿಗೆ ಕುಳಿತು ಅಳುತ್ತಿದ್ದರೂ ನಿಮ್ಮ ಮರ್ಯಾದೆ ಕಾಯುತ್ತಾ ನಿಂತೆನಲ್ಲ, ನಾನೆಂಥ ತಾಯಿ...

ಸಾಕು. ಊರಿಗೆ ಡಂಗುರ ಸಾರುವುದಿಲ್ಲ, ಅವನೊಬ್ಬನಿಗೆ ಹೇಳುತ್ತೇನೆ. ನೀವೇ ಕನಸಿನಲ್ಲಿ ಬಂದು "ಹೇಳ್ಬಿಡು" ಎಂದರೆ ನಿಮಗೇ ಗೌರವ. ಬರದೆ ಮೂಲೆ ಹಿಡಿದು ಕುಳಿತರೂ ಆ ಸೋಮವಾರದ ಹಿಂದಿನ ದಿನ, ಮುದ್ದೆ ಬಡಿಸುವ ಹೊತ್ತಿಗೆ, ಅವನಿಗೆ ಎಲ್ಲ ತಿಳಿದಿರುತ್ತದೆ. ಮಗ ನಿಮ್ಮ ಬಾಯಿಂದ ಕೇಳಬೇಕೋ, ನನ್ನ ಬಾಯಿಂದಲೋ, ಅಷ್ಟೇ ನಿಮ್ಮ ಕೈಯಲ್ಲಿರುವುದು. ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ಕೊಡಿ.