ನನ್ನ ಮನಿ, ಬಿ ೪೦೨

ಪುಣೆ, ಬಿಬವೇವಾಡಿ
ಗುರುವಾರ, ೧೮ ಸೆಪ್ಟೆಂಬರ್ ೨೦೨೫

ಪ್ರೀತಿಯ ಅವ್ವಾ,

ನಿನ್ನ ಹಿರಿಮಗಳು ನೀತಾಳ ಶರಣು. ಮೊಣಕಾಲು ಹೇಗಿದೆ? ಇಂದಾಪುರದ ನೀರು ಹೊಟ್ಟೆಗೆ ಒಗ್ಗಿತೇ? ವರದಾಳಿಗೆ ಹಾಲು ಸಾಕಷ್ಟು ಬರುತ್ತಿದೆಯೇ? ಕೂಸಿನ ಶೀತ ಕಡಿಮೆಯಾಯಿತೇ? ಮಗಳ ಬಾಣಂತನಕ್ಕೆಂದು ಹೋದವಳು ನೀನೇ ಸೊರಗಿ ಬರಬೇಡ. ಅವಳ ಅತ್ತೆ "ಇನ್ನೊಂದ್ ಎರಡು ತಿಂಗಳು ಇದ್ದು ಹೋಗ್ರಿ" ಅಂದರೆ ಸಂಕೋಚಕ್ಕೆ ಹೂಂ ಅನ್ನಬೇಡ. ಯಾಕೆಂದು ಮುಂದೆ ಹೇಳುತ್ತೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ವರದಾ ಅದನ್ನು ಸ್ಪೀಕರಿಗೆ ಹಾಕಿ ತೊಟ್ಟಿಲ ಪಕ್ಕ ಇಡುತ್ತಾಳೆ, ಮನೆಮಂದಿಯೆಲ್ಲ ಕೇಳುತ್ತಾರೆ. ಅದೂ ಅಲ್ಲದೆ ನಿನ್ನ ದನಿ ಕಿವಿಗೆ ಬಿದ್ದರೆ ನಾನು "ಎಲ್ಲಾ ಆರಾಮ ಅದ" ಎಂದುಬಿಡುತ್ತೇನೆ. ಈ ವಾರ ಮೂರು ಸಲ ಹಾಗೆಯೇ ಅಂದೆ. ಅದಕ್ಕೇ ಕಾಗದ. ಅಕ್ಷರ ದಪ್ಪಗೆ ಬರೆದಿದ್ದೇನೆ. ಕೂಡಿಸಿಕೊಂಡು ನೀನೇ ಓದು, ಯಾರ ಕೈಗೂ ಕೊಡಬೇಡ.

ಮೊದಲು ಕ್ಲಾಸಿನ ಸುದ್ದಿ. ನಮ್ಮ ಮನೆಗೆಲಸದವರ ಸಂಘದ ಖೋಲಿಯಲ್ಲಿ ಭಾನುವಾರ ಮಧ್ಯಾಹ್ನ ಇಂಗ್ಲಿಷ್ ಪಾಠ ಜೋರಾಗಿ ನಡೆದಿದೆ. ನೀಲಿಮಾ ಟೀಚರು ಗೊತ್ತಲ್ಲ, ಧಾರವಾಡದವರು, ನಿವೃತ್ತರಾದರೂ ಸೀಮೆಸುಣ್ಣ ಬಿಡದವರು. "ಪದ್ಯಾ ಗಿದ್ಯಾ ಬ್ಯಾಡ್ರಿ, ಗೇಟಿನ್ಯಾಗ ಬರೂ ಇಂಗ್ಲಿಷ್ ಕಲಿಸ್ರಿ" ಎಂದು ನಾವೇ ಕೇಳಿಕೊಂಡೆವು. ಈ ತಿಂಗಳು ಪೂರಾ ಸಣ್ಣ ಸಣ್ಣ ಮಾತುಗಳದ್ದೇ ಪಾಠ. ಇನ್, ಆನ್, ಅಟ್, ಆಫ್, ವಿದೌಟ್. "ನಮ್ಮ ಭಾಷಾದಾಗ ಬಾಲ ಹಿಂದ ಇರತದ, ಅಡಗೀಮನ್ಯಾಗ ಅಂತೀವಿ. ಇಂಗ್ಲಿಷಿನಾಗ ಬಾಲ ಮುಂದ ಬರತದ, ಇನ್ ದ ಕಿಚನ್" ಅಂದರು ಟೀಚರು. ನಿನ್ನ ಗೆಳತಿ ಇಂದೂ ಸುಮ್ಮನಿರುತ್ತಾಳೆಯೇ? "ಅದಕ್ಕ ಆ ಮಂದಿ ಬಾಲಾ ಮುಂದ ಮಾಡ್ಕೊಂಡ ಅಡ್ಡಾಡತಾರ ತಗೋರಿ" ಅಂದಳು. ಖೋಲಿಯ ಸೂರು ಹಾರಿಹೋಗುವಂತೆ ನಕ್ಕೆವು. ಆಮೇಲೆ ಒಬ್ಬೊಬ್ಬರೂ ತಮ್ಮ ದಿನದ ಮೇಲೆ ಒಂದು ವಾಕ್ಯ ಹೇಳಬೇಕಿತ್ತು. ಅಟ್ ದ ಗೇಟ್ ನಿಲ್ಲಬೇಕು. ಇನ್ ದ ಸರ್ವಿಸ್ ಲಿಫ್ಟ್ ಹತ್ತಬೇಕು. ಆನ್ ದ ಸೋಫಾ ಕೂಡಬಾರದು, ಆನ್ ದ ಫ್ಲೋರ್ ಕೂಡಬಹುದು. ವಿದೌಟ್ ಕಾರ್ಡ್ ಒಳಗೆ ಕಾಲಿಡುವಂತಿಲ್ಲ. ಹೇಳುತ್ತಾ ಹೇಳುತ್ತಾ ನಗು ತಾನಾಗಿಯೇ ನಿಂತಿತು. ನಮ್ಮ ಇಡೀ ದಿನವನ್ನು ಕಟ್ಟಿಹಾಕಲು ಬೆರಳುದ್ದದ ನಾಲ್ಕು ಮಾತು ಸಾಕಾದವು.

ಆಮೇಲೆ ಟೀಚರು ಹಲಗೆಯ ಮೇಲೆ ನಿನ್ನ ಗೇಟಿನ ಕಾರ್ಡಿನಲ್ಲಿದ್ದುದನ್ನೇ ಬರೆದರು: "ಕಲ್ಲವ್ವ, ಮೇಡ್ ಆಫ್ ಬಿ ೪೦೨." ಬಿ ೪೦೨ರ ಕೆಲಸದವಳು. ಇಂದೂ ಉರಿದುಬಿದ್ದಳು: "ನಾವೇನ ಆ ಮನಿ ಕುರ್ಚಿ ಏನ್ರೀ, ಬಾಂಡೆ ಏನ್ರೀ?" ಟೀಚರು ಸಮಾಧಾನ ಮಾಡಿದರು: "ಹಂಗಲ್ಲ ಇಂದೂ, ಈ ಆಫ್ ಬಂದಲ್ಲೆಲ್ಲಾ ಮಾಲಕಿ ಹಕ್ಕು ಅಂತಲ್ಲ. ಡಾಕ್ಟರ್ ಆಫ್ ಮೈ ಮದರ್ ಅಂದ್ರ ನಿಮ್ಮವ್ವ ಡಾಕ್ಟರನ್ನ ಸಂತ್ಯಾಗ ಕೊಂಡಾಳೇನು? ಸಂಬಂಧ ಹೇಳತದ ಅಷ್ಟ." ನಾನು ಎದ್ದು ನಿಂತೆ. ನನ್ನ ಚಾಳಿ ನಿನಗೆ ಗೊತ್ತೇ ಇದೆ. "ಸಂಬಂಧ ಆದ್ರ ಎರಡೂ ಕಡೆಯಿಂದ ಇರಬೇಕಲ್ರೀ? ಆ ಡಾಕ್ಟರ್ ಕೊರಳಾಗ ನಮ್ಮವ್ವನ ಹೆಸರಿನ ಕಾರ್ಡ್ ಯಾಕಿಲ್ಲ?" ಅಂದೆ. ಟೀಚರು ಸೀಮೆಸುಣ್ಣ ಕೆಳಗಿಟ್ಟರು. "ಅದಕ್ಕ ಉತ್ತರ ಈ ಪುಸ್ತಕದಾಗ ಇಲ್ಲ ನೀತಾ" ಅಂದರು. ಎಲ್ಲರೂ ಚಪ್ಪಾಳೆ ಹೊಡೆದರು. ಆ ಚಪ್ಪಾಳೆ ಈಗ ಕಿವಿಯಲ್ಲಿ ಕುಟುಕುತ್ತಿದೆ, ಅವ್ವಾ. ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಎದ್ದುಹೋಗಿ ನೀರು ಕುಡಿದು ಬಂದೆ.

ಅವರ ಕಾರ್ಡಿನಲ್ಲಿ ನಾವು ಅವರವರು. ನಮ್ಮ ಬಾಯಲ್ಲಿ ಲೆಕ್ಕ ತಿರುಗಮುರುಗ. "ನನಗ ಐದು ಮನಿ ಅದಾವ" ಅನ್ನುತ್ತೇವೆ, ಒಂದು ಹಂಚಿನ ಸೂರೂ ಇಲ್ಲದವರು. ನೀನು ಇಪ್ಪತ್ತೆರಡು ವರ್ಷ ಆ ನಾಲ್ಕನೇ ಮಹಡಿಯ ಅಡುಗೆ ಕೆಲಸವನ್ನು "ನನ್ನ ಮನಿ" ಎಂದೇ ಕರೆದೆ. ಬಡಾಯಿಗಲ್ಲ, ಅದು ನಮ್ಮ ಕಾನೂನು. ಊರಿಗೆ ಹೋಗುವವಳು ಬದಲಿಗೆ ಒಬ್ಬಳನ್ನು ನಿಲ್ಲಿಸಿ ಹೋಗುತ್ತಾಳೆ. ತಿರುಗಿ ಬಂದ ದಿನ ಬದಲಿಯವಳು ಮನೆ ಬಿಟ್ಟುಕೊಡುತ್ತಾಳೆ, ಮ್ಯಾಡಮ್ಮು ಕಾಲು ಹಿಡಿದರೂ ನಿಲ್ಲುವುದಿಲ್ಲ. ಬಿಟ್ಟುಕೊಡದೆ ಇಟ್ಟುಕೊಂಡವಳ ಮನೆಯಲ್ಲಿ ನಮ್ಮವರು ನೀರು ಮುಟ್ಟುವುದಿಲ್ಲ. ಇದಕ್ಕೆ ಕಾಗದವಿಲ್ಲ, ಠಸ್ಸೆಯಿಲ್ಲ, ಕೋರ್ಟಿಲ್ಲ. ಹಿಂದೆ ಇಂದೂಳ ಮನೆಯನ್ನು ಬದಲಿಯವಳು ನುಂಗಿದಾಗ ನೀನೇ ಆ ಹೆಂಗಸಿನ ಬಾಗಿಲಿಗೆ ಹೋಗಿ, ರಟ್ಟೆ ಹಿಡಿದು, ನಡುರಸ್ತೆಯಲ್ಲಿ ಗೇಟಿನವರೆಗೆ ಎಳೆದು ತಂದು, ಮನೆ ತಿರುಗಿ ಕೊಡಿಸಿದೆ. ಅಂದು ನಿನ್ನ ಹಿಂದೆ ಘೋಷಣೆ ಕೂಗುತ್ತ ಬಂದವಳು ನಾನು. ಆಮೇಲೆ ಎಷ್ಟು ಸಭೆಗಳಲ್ಲಿ ಆ ಕತೆ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೋ.

ಗಣಪತಿ ಹಬ್ಬದ ಎದುರಿಗೆ ನೀನು ಹೊರಟಾಗ ಬೇರೆ ಯಾರನ್ನೂ ನಂಬದೆ ನನ್ನನ್ನೇ ಬದಲಿಗೆ ನಿಲ್ಲಿಸಿದೆ. ರೊಟ್ಟಿ ನಿನ್ನಷ್ಟು ತೆಳ್ಳಗೆ ಬರುವುದಿಲ್ಲ, ಆದರೂ ಸ್ನೇಹಲ್ ಮ್ಯಾಡಮ್ ಮೂಗು ಮುರಿಯದೆ ಉಣ್ಣುತ್ತಾರೆ. ನಿನ್ನ ಕನ್ನಡಕ ಮಸಾಲೆ ಡಬ್ಬಿಯ ಹಿಂದೆ ಸಿಕ್ಕಿತು, ಎತ್ತಿಟ್ಟಿದ್ದೇನೆ. ಈಗ ಸುದ್ದಿಗೆ ಬರುತ್ತೇನೆ. ಕಟ್ಟಡದ ಸೊಸೈಟಿಯವರು ಹೊಸ ನಿಯಮ ಮಾಡಿದ್ದಾರೆ. ಬದಲಿ ಮೂರು ವಾರಕ್ಕಿಂತ ಹೆಚ್ಚು ನಡೆಯುವಂತಿಲ್ಲ. ಆಮೇಲೆ ಹಳೆಯ ಕಾರ್ಡು ರದ್ದು, ಕೆಲಸಕ್ಕೆ ಬರುವವಳ ಹೆಸರಿನಲ್ಲಿ ಹೊಸದು. ಬಾಣಂತನ, ಜಡ್ಡು, ಸಾವು ಯಾವುದೂ ಲೆಕ್ಕಕ್ಕಿಲ್ಲ. ಗೇಟಿನ ಹಣಮಂತ್ರಾಯ ನಮ್ಮವನೇ, ಕಲಬುರ್ಗಿ ಕಡೆಯವನು, ಕೈ ಮುಗಿದುಬಿಟ್ಟ: "ಅಕ್ಕಾ, ನನಗ ಬೈಬ್ಯಾಡ್ರಿ. ಮಷೀನ್ ಹೂಂ ಅಂದ್ರ ನಾ ಹೂಂ, ಅದು ಊಹೂಂ ಅಂದ್ರ ನಾನೂ ಊಹೂಂ." ಅಲ್ಲೇ ನಿಂತು ಮರಾಠಿಯಲ್ಲಿ ಕಮಿಟಿಯವರ ಬೆವರಿಳಿಸಿದೆ. ಇಪ್ಪತ್ತೆರಡು ವರ್ಷ ಅವರ ಬಾಯಿಗೆ ಬಿಸಿ ರೊಟ್ಟಿ ಹಾಕಿದವಳನ್ನು ಇಪ್ಪತ್ತೆರಡು ದಿನಕ್ಕೆ ಅಳಿಸಿಹಾಕುವ ಇವರು ಯಾವ ಸೀಮೆಯ ಓದಿದವರು? ಸಂಘದಿಂದ ಅರ್ಜಿ ಕೊಡುತ್ತೇವೆ. ಕೇಳದಿದ್ದರೆ ಗೇಟಿಗೆ ಅಡ್ಡ ಕೂಡುತ್ತೇವೆ. ನೀನು ಮಾತ್ರ ಬೇಗ ಬಾ.

ಕೂಸಿಗೆ ಒಂದು ಮುದ್ದು, ವರದಾಳಿಗೆ ಎರಡು ಬೈಗುಳ, ಅವಳ ಅತ್ತೆಯವರಿಗೆ ನಮಸ್ಕಾರ. ನಿನ್ನ ಕಾಲು ಹಿಡಿಯುವ,

ನೀತಾ

ತಾ. ಕ.: ಸ್ವಾರಗೇಟ್ ಸ್ಟ್ಯಾಂಡಿನಲ್ಲಿ ಕೂತು ಇದಿಷ್ಟು ಬರೆಯುತ್ತಿದ್ದೇನೆ. ವರದಾಳ ಗಂಡ ಶ್ಯಾಮ ಅಲ್ಲಿ ಟಿಕೀಟಿನ ಚೀಲ ಹೆಗಲಿಗೇರಿಸಿ ನಿಂತಿದ್ದಾನೆ, ಅವನ ಇಂದಾಪುರದ ಬಸ್ಸು ಬಿಡಲು ಹತ್ತು ನಿಮಿಷವಿದೆ, ಕಾಗದ ಅವನ ಕೈಯಲ್ಲೇ ಕಳಿಸುತ್ತೇನೆ. ಮೇಲೆ ಬರೆದದ್ದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಹೊಸ ಕಾರ್ಡು ಸೋಮವಾರವೇ ಆಯಿತು. ನನ್ನ ಹೆಸರಿನಲ್ಲಿ. ಯಾರೂ ನನ್ನ ಕೈ ತಿರುಚಲಿಲ್ಲ. ಸ್ನೇಹಲ್ ಮ್ಯಾಡಮ್ ಫಾರ್ಮು ತಂದು ಅಡುಗೆ ಕಟ್ಟೆಯ ಮೇಲಿಟ್ಟು "ಮಾವಶೀ ಥಕಲ್ಯಾ ಆತಾ, ತೂಚ ರಾಹಾ" ಅಂದರು. ನಿನಗೆ ವಯಸ್ಸಾಯಿತಂತೆ, ದಣಿದಿದ್ದೀಯಂತೆ, ನಾನೇ ಇರಬೇಕಂತೆ. ಹೂಂ ಅಂದೆ. ಸಂಘ, ಮೋರ್ಚಾ ಎಂದು ಓಡಾಡಿ ನನ್ನ ಮನೆಗಳು ಒಂದೊಂದಾಗಿ ಕೈಬಿಟ್ಟುಹೋದದ್ದು ನಿನಗೆ ಗೊತ್ತು. ಗಲಾಟೆ ಹೆಂಗಸೆಂದು ಈಗ ಯಾರೂ ಬಾಗಿಲು ತೆಗೆಯುವುದಿಲ್ಲ. ಫಾರ್ಮನ್ನು ನಾನೇ ಇಂಗ್ಲಿಷಿನಲ್ಲಿ ತುಂಬಿದೆ, ಒಂದು ತಪ್ಪಿಲ್ಲದೆ. ಕಾರ್ಡನ್ನು ಕೊರಳಿಗೆ ಹಾಕಿಕೊಂಡಾಗ ನಾಚಿಕೆಯಾಗಲಿಲ್ಲ ಅವ್ವಾ, ನಿರಾಳವಾಯಿತು. ಸುಡುತ್ತಿರುವುದು ಅದೇ.

ಭಾನುವಾರ ಕ್ಲಾಸಿನಲ್ಲಿ ಎಲ್ಲರೆದುರು ಹೇಳುತ್ತೇನೆ. ಇಂದೂ ಉಗಿದರೆ ಉಗಿಯಲಿ. ನೀನು ಸೋಮವಾರ ಶ್ಯಾಮನ ಮೊದಲ ಬಸ್ಸು ಹತ್ತು, ಕೂಸನ್ನು ಅತ್ತೆ ಎರಡು ದಿನ ನೋಡಿಕೊಳ್ಳಲಿ. ರದ್ದಾಗಿದ್ದರೂ ನಿನ್ನ ಹಳೆಯ ಕಾರ್ಡು ಕೊರಳಲ್ಲೇ ಇರಲಿ. ಅಂದು ಆ ಹೆಂಗಸಿನ ರಟ್ಟೆ ಹಿಡಿದು ಗೇಟಿಗೆ ಎಳೆದು ತಂದೆಯಲ್ಲ, ಹಾಗೆಯೇ ನನ್ನನ್ನೂ ಎಳೆದುಕೊಂಡು ಹೋಗು. ಮಗಳೆಂದು ಬಿಡಬೇಡ. ತಡ ಮಾಡಬೇಡ. ಇವತ್ತು ಬೆಳಿಗ್ಗೆ ಹಣಮಂತ್ರಾಯ "ಎಲ್ಲಿಗ್ರೀ ಅಕ್ಕಾ ಇಷ್ಟ ಅವಸರದಾಗ?" ಎಂದು ಕೇಳಿದಾಗ ನನ್ನ ಬಾಯಿಂದ ತಾನಾಗಿಯೇ ಬಂತು: "ನನ್ನ ಮನಿಗೆ."