ಹನ್ನೊಂದು ಮಧ್ಯಾಹ್ನಗಳ ದನಿ

ಮಾರ್ಚ್ ೯, ಸೋಮವಾರ

ನನ್ನ ಅಮ್ಮನಿಗೆ, ಏನು ಹೇಳಿದರೂ ಆಯ್ತಮ್ಮ ಅನ್ನುವವಳೆಂದು ನೀನೇ ಹೆಸರಿಟ್ಟ ಆಯ್ತಮ್ಮ ಮಾಡುವ ನಮಸ್ಕಾರ.

ಮೂರು ಗಂಟೆಯ ಬಸ್ಸಿನ ದಾರಿ, ಕೈಯಲ್ಲಿ ಫೋನು, ಇಷ್ಟಿದ್ದೂ ಇವಳಿಗೇಕೆ ಕಾಗದದ ಹುಚ್ಚು ಎಂದು ಹುಬ್ಬೇರಿಸಿರುತ್ತೀಯ. ಫೋನಿನಲ್ಲೇ ಬರೆಯಲು ಕುಳಿತಿದ್ದೆ. ಎರಡು ಸಲ ಬರೆದೆ, ಎರಡು ಸಲ ಅಳಿಸಿದೆ. ಕಾಗದವಾದರೆ ಹೊಡೆದುಹಾಕಿದ್ದೂ ಕಾಣುತ್ತದೆ. ನನ್ನಂಥವಳಿಗೆ ಅದೇ ಸರಿ.

ಗಂಟಲಿನ ಗಾಯ ಈಗ ಹೇಗಿದೆ? ಅಣ್ಣನ ಮೇಲೆ ಸಿಟ್ಟು ಬಂದರೆ ಸ್ಲೇಟು ತುಂಬ ಬರೆದು, ಅವನು ಓದಿ ಮುಗಿಸುವ ತನಕ ಹಿಡಿದು ನಿಲ್ಲುತ್ತೀಯಂತೆ. ನಿವೃತ್ತಿಯಾದ ಟೀಚರಿಗೆ ಮತ್ತೆ ಬಳಪ ಸಿಕ್ಕಿದರೆ ಕೇಳಬೇಕೇ ಎಂದು ಅತ್ತಿಗೆ ನಗುತ್ತಿದ್ದರು. ಅವರಿಗೆ ಏಳು ತಿಂಗಳು ತುಂಬಿತಲ್ಲ, ಮೆಟ್ಟಿಲು ಹತ್ತಲು ಬಿಡಬೇಡ.

ಈಗ ವಿಷಯ. ಹೋದ ಬುಧವಾರ ಅಣ್ಣ ಫೋನು ಮಾಡಿದ್ದ. ಆಪರೇಷನ್ನಿಗೆ ಮೊದಲು ಅಮ್ಮ ಹೇಳಿಟ್ಟ ಕಥೆಗಳನ್ನು ಕಳಿಸು, ಮಗು ಬರುವಷ್ಟರಲ್ಲಿ ನಮ್ಮ ಹತ್ತಿರವೂ ಒಂದು ಪ್ರತಿ ಇರಲಿ ಅಂದ. ಆಯ್ತು ಅಂದೆ. ನೀನು ಕಥೆ ಹೇಳಿ ತುಂಬಿದ ಆ ಹಾಡಿನ ಪ್ಲೇಯರು ಮಾತಾಡುವುದು ನಮ್ಮ ಹಳೇ ಕಂಪ್ಯೂಟರಿನ ಜೊತೆ ಮಾತ್ರ, ಹೊಸದರಲ್ಲಿ ಅದಕ್ಕೆ ಗತಿಯಿಲ್ಲ ಎಂಬುದು ನಿನಗೂ ಗೊತ್ತು. ಸರಿ, ಶನಿವಾರ ಆ ಡಬ್ಬವನ್ನು ಅಟ್ಟದಿಂದ ಇಳಿಸಿದೆ. ಆಗಲೇ ಹಾಕಿದ್ದೆಯಲ್ಲ, ಮತ್ತೇಕೆ ಇಳಿಸಿದೆ ಎಂದು ಕೇಳಬೇಡ. ಅಲ್ಲಿಗೂ ಬರುತ್ತೇನೆ.

ಅಮ್ಮಾ, ಆ ಕಂಪ್ಯೂಟರು ಎದ್ದ ಪರಿ ನೋಡಬೇಕಿತ್ತು. ಮೊದಲು ಗೊರಕೆ, ಆಮೇಲೆ ಕೆಮ್ಮು, ಆಮೇಲೆ ಹತ್ತು ನಿಮಿಷ ಕಪ್ಪು ಮುಖ. ಎದ್ದ ಮೇಲೆ ತಾರೀಖು ಹದಿನೇಳು ವರ್ಷ ಹಿಂದಿನದು ತೋರಿಸಿತು. ಒಳಗಿನ ಪುಟ್ಟ ಬ್ಯಾಟರಿ ಸತ್ತಿದೆಯಂತೆ. ಅದರ ಲೆಕ್ಕದಲ್ಲಿ ನೀನಿನ್ನೂ ಶಾಲೆಗೆ ಹೋಗುತ್ತಿದ್ದೀಯ, ಮೈಕಿಲ್ಲದೆ ಕೂಗಿದರೆ ಮೈದಾನದ ಆ ತುದಿಯ ಮಕ್ಕಳೂ ಸಾಲಿಗೆ ಬರುತ್ತಾರೆ. ತಾರೀಖು ಸರಿಮಾಡಲು ಕೈ ಬರಲಿಲ್ಲ. ಹಾಗೇ ಬಿಟ್ಟೆ.

ಪ್ಲೇಯರು ಚುಚ್ಚಿದರೆ ಟುಣುಕ್ ಎಂದು ಸದ್ದು ಮಾಡಿ, ಇದಾವುದೋ ಗುರುತಿಲ್ಲದ ವಸ್ತು ಎಂದಿತು. ತಂತಿ ತೆಗೆದು ಊದಿದೆ, ಒರೆಸಿದೆ, ಮತ್ತೆ ಚುಚ್ಚಿದೆ. ಅದೇ ಹಾಡು. ನಮ್ಮ ರಸ್ತೆಯ ಮೊಬೈಲ್ ರಿಪೇರಿಯವನನ್ನು ಕೇಳಿದರೆ, ಮುಂದಿನ ಕಿಂಡಿಗೆ ಕರೆಂಟು ಸಾಲಲ್ಲ, ಬೆನ್ನಿನ ಕಡೆ ಹಾಕಿ ಅಂದ. ಮೇಜಿನಡಿ ತೂರಿ, ಜೇಡರಬಲೆ ತಲೆಗೆ ಕಟ್ಟಿಸಿಕೊಂಡು ಹಿಂದಿನ ಕಿಂಡಿಗೆ ಹಾಕಿದೆ. ಪ್ಲೇಯರಿನ ದೀಪ ಹತ್ತಿತು! ಆದರೆ ಹಾಡು ತುಂಬುವ ಪ್ರೋಗ್ರಾಮು ಕೆಟ್ಟು ಕೂತಿತ್ತು. ಹೊಸದನ್ನು ಹಾಕೋಣವೆಂದರೆ, ನಿಮ್ಮ ಕಂಪ್ಯೂಟರಿಗೆ ವಯಸ್ಸಾಯಿತು, ಆಗುವುದಿಲ್ಲ ಎಂದಿತು. ಕೊನೆಗೆ ನಮ್ಮ ಲ್ಯಾಬಿನಲ್ಲಿ ರಕ್ತ ತೆಗೆಯುತ್ತಾರಲ್ಲ, ಎಲ್ಲರೂ ಸೊಳ್ಳೆ ಅಂತ ಕರೆಯುವವರು, ಅವರು ತಮ್ಮ ಮನೆಯ ಹಳೇ ಪೆಟ್ಟಿಗೆಯೆಲ್ಲ ಜಾಲಾಡಿ ಒಂದು ಸಿ.ಡಿ. ತಂದುಕೊಟ್ಟರು. ಭಾನುವಾರ ಬೆಳಿಗ್ಗೆ ಅದನ್ನು ಹಾಕಿದೆ. ನಮ್ಮ ಹಳೇ ಹಾಡುಗಳ ಕಡತವನ್ನೂ ಅದಕ್ಕೆ ತೋರಿಸಿದೆ. ಎಲ್ಲ ಸರಿಹೋಯಿತು.

ಆಗ ಅದು ಒಂದು ಪ್ರಶ್ನೆ ಕೇಳಿತು.

ಲ್ಯಾಬಿನ ಕೌಂಟರಿನಲ್ಲಿ ನನ್ನ ಕೆಲಸ ಹೇಗೆಂದು ನೀನು ನೋಡಿದ್ದೀಯ. ಪ್ರತಿ ಹೊಸ ರೋಗಿ ಬಂದಾಗಲೂ ಪರದೆಯ ಮೇಲೆ ಒಂದು ಚೌಕ ಬರುತ್ತದೆ: ಹಿಂದಿನ ವಿವರ ಅಳಿಸಿ ಹೊಸದು ತೆಗೆದುಕೊಳ್ಳಲೇ? ಹೌದು ಎಂದು ಒತ್ತಬೇಕು. ದಿನಕ್ಕೆ ನೂರೈವತ್ತು ಸಲ, ಎಡಗೈ ರಸೀದಿ ಹರಿಯುತ್ತಿದ್ದರೆ ಬಲಗೈ ಹೌದು ಒತ್ತುತ್ತಿರುತ್ತದೆ. ಒಂಬತ್ತು ವರ್ಷದಲ್ಲಿ ನಾನು ಆ ಚೌಕವನ್ನು ಓದಿದ್ದು ಮೊದಲ ವಾರ ಮಾತ್ರ. ಇಲ್ಲೂ ಅಂಥದೇ ಚೌಕ ಬಂತು. ಕಣ್ಣು ಓದುವುದಕ್ಕೆ ಮೊದಲೇ ಬೆರಳು ಒತ್ತಿಯಾಗಿತ್ತು. ಒತ್ತಿದ ಮೇಲೆ, ಅದು ಮಾಯವಾಗುವ ಮುಂಚಿನ ಅರೆಗಳಿಗೆಯಲ್ಲಿ ಓದಿದ್ದು ಇಷ್ಟು: ಈ ಪ್ಲೇಯರಿನಲ್ಲಿ ಇರುವುದನ್ನೆಲ್ಲ ಅಳಿಸಿ ಈ ಕಂಪ್ಯೂಟರಿನ ಹಾಡುಗಳನ್ನು ತುಂಬಲೇ?

ತಂತಿ ಕಿತ್ತೆಸೆಯಬೇಕಿತ್ತು. ನಾನು ತಪ್ಪಾಗಿ ಓದಿರಬೇಕು ಎಂದುಕೊಂಡೆ. ಪರದೆಯ ಮೇಲೆ ನೀಲಿ ಪಟ್ಟಿ ನಿಧಾನಕ್ಕೆ ತುಂಬುತ್ತಿತ್ತು, ನಿನ್ನ ಕಥೆಗಳು ಇತ್ತ ಬರುತ್ತಿವೆ ಎಂದು ನನ್ನನ್ನೇ ನಂಬಿಸಿಕೊಂಡು ಕಾಫಿಗೆ ನೀರಿಟ್ಟು ಬಂದೆ. ಬರುತ್ತಿರಲಿಲ್ಲ ಅಮ್ಮಾ, ಹೋಗುತ್ತಿದ್ದವು.

ಹನ್ನೊಂದೂ ಹೋದವು. ಒಂದೂ ಉಳಿದಿಲ್ಲ.

ಇವತ್ತು ಲ್ಯಾಬಿಗೆ ರಜೆ ಹಾಕಿ ರಿಪೇರಿಯವನ ಅಂಗಡಿ ತೆಗೆಯುವುದನ್ನೇ ಕಾದು ಕುಳಿತಿದ್ದೆ. ಅವನು ಒಳ್ಳೆಯವನು, ಎರಡು ಗಂಟೆ ಒದ್ದಾಡಿದ. ಬೋರ್ಡು ಬರೀ ಒರೆಸಿದ್ರೆ ಏನಾದ್ರೂ ಗುರುತು ಸಿಗ್ತಿತ್ತು ಮೇಡಂ, ನೀವು ಅದರ ಮೇಲೇ ನಾನೂರು ಹಾಡು ಬರ್ದ್‌ಬಿಟ್ಟಿದೀರಲ್ಲ ಅಂದ. ಟೀಚರ ಮಗಳಿಗೆ ಇದಕ್ಕಿಂತ ಚೆನ್ನಾಗಿ ಯಾರು ಅರ್ಥಮಾಡಿಸಲು ಸಾಧ್ಯ?

ಇಲ್ಲಿಯವರೆಗೆ ಬೆರಳಿನ ತಪ್ಪು. ಇನ್ನು ನನ್ನದು.

ಆಪರೇಷನ್ನಿನ ದಿನ ಬೆಳಿಗ್ಗೆ ನಿನ್ನನ್ನು ತಳ್ಳುಗಾಡಿಯಲ್ಲಿ ಒಯ್ಯುವಾಗ ನನ್ನ ಕೈ ಹಿಡಿದು ಕೇಳಿದೆ, ಕಥೆಗಳ್ನ ಕಂಪ್ಯೂಟರಿಗೆ ಹಾಕಿದ್ಯೇನೇ ಅಂತ. ನಾನು ಆಯ್ತಮ್ಮ, ಭದ್ರವಾಗಿದೆ ಅಂದೆ. ನೀನು ಕಣ್ಣು ಮುಚ್ಚಿಕೊಂಡೆ. ಧ್ವನಿಪೆಟ್ಟಿಗೆ ತೆಗೆಯುವ ಮುನ್ನ ನೀನು ಬಾಯಿಬಿಟ್ಟು ಕೇಳಿದ ಕೊನೆಯ ಮಾತು ಅದು. ಅದಕ್ಕೆ ನಾನು ಕೊಟ್ಟದ್ದು ಸುಳ್ಳು.

ಹಾಕಿರಲಿಲ್ಲ ಅಮ್ಮಾ. ಪ್ಲೇಯರು ಅಡುಗೆಮನೆಯ ಡ್ರಾಯರಿನಲ್ಲಿ, ಕತ್ತರಿ ಮತ್ತು ಸೌಟುಗಳ ಜೊತೆ ಬಿದ್ದಿತ್ತು. ಆಮೇಲೆ ಐದು ತಿಂಗಳೂ ಅಲ್ಲೇ ಇತ್ತು. ಹೆದರಿಕೆಯಿಂದ ಮುಟ್ಟಲಿಲ್ಲ ಎಂದು ಮೇಲೆ ಬರೆದಿದ್ದೆ, ನೋಡು, ಹೊಡೆದುಹಾಕಿದ್ದೇನೆ. ಹೆದರಿಕೆಯಲ್ಲ, ಸೋಮಾರಿತನ. ನಾಳೆ ಮಾಡಿದರಾಯಿತು, ಅಟ್ಟ ಹತ್ತಬೇಕಲ್ಲ, ಧೂಳು. ಅಂದೇ ಮಾಡಿದ್ದರೆ ಆಗ ಆ ಪ್ರೋಗ್ರಾಮು ಇನ್ನೂ ಸರಿಯಿತ್ತೋ ಏನೋ, ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲವೇನೋ. ಅಣ್ಣ ಕೇಳಿದಾಗಲೂ ಇನ್ನೂ ಹಾಕಿಲ್ಲ ಎಂದು ಒಪ್ಪಿಕೊಂಡಿದ್ದರೆ ಅವನೇ ಬಂದು, ಓದಿ ಒತ್ತುತ್ತಿದ್ದ. ನನಗೆ ನನ್ನ ಮಾನ ದೊಡ್ಡದಾಯಿತು. ಯಾರಿಗೂ ತಿಳಿಯುವ ಮೊದಲು ಮುಗಿಸಿಬಿಡಬೇಕಿತ್ತು.

ಒಂದು ಕಥೆಯನ್ನಾದರೂ ಕೇಳಿದ್ದೆನೇ? ಇಲ್ಲ. ನನಗಿರುವುದು ಸಾಮಾನಿನ ಕೋಣೆಯ ಬಾಗಿಲ ಹೊರಗಿಂದ ಕೇಳಿದ್ದು ಮಾತ್ರ. ರಜೆ ಹಾಕಿ ನಿನ್ನ ಜೊತೆ ಇದ್ದೆನಲ್ಲ ಆಗ. ಊಟವಾದ ಮೇಲೆ ನೀನು ಸದ್ದಾಗಬಾರದೆಂದು ಫ್ಯಾನು ಆರಿಸಿ, ಮಡಿಸಿಟ್ಟ ಹಾಸಿಗೆಗಳ ನಡುವೆ ಕುಳಿತು ಶುರುಮಾಡುತ್ತಿದ್ದೆ. ಕೆಮ್ಮು ಬಂದರೆ ನಿಲ್ಲಿಸಿ, ನೀರು ಕುಡಿದು, ಅಳಿಸಿ ಮತ್ತೆ ಮೊದಲಿನಿಂದ. ಬೆವೆತು ಹೊರಗೆ ಬಂದು, ಇವತ್ತಿನದು ಚೆನ್ನಾಗಿ ಬಂತು ಕಣೇ ಅನ್ನುತ್ತಿದ್ದೆ. ಹನ್ನೊಂದು ಮಧ್ಯಾಹ್ನ ಹಾಗೆ ಬೆವೆತೆ.

ನೀನು ಬರೆದುಕೊಡು, ನಾನು ಓದಿ ಹಿಡಿದಿಡುತ್ತೇನೆ ಎಂದು ಒಂದು ಉಪಾಯ ಹೊಳೆಯಿತು. ಹೊಳೆದದ್ದಕ್ಕೇ ನಾಚಿಕೆಯಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ, ನನಗೆ ಬಂದದ್ದು ಅದೂ ಅರ್ಧಂಬರ್ಧ.

ಅಣ್ಣನಿಗೆ ಇನ್ನೂ ಹೇಳಿಲ್ಲ. ಈ ಕಾಗದವನ್ನು ನೀನೇ ಅವನ ಕೈಗೆ ಕೊಡು, ಅಥವಾ ನಾನು ಬರುವ ತನಕ ತಲೆದಿಂಬಿನಡಿ ಇಟ್ಟುಕೋ. ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಕ್ಷಮಿಸು ಎಂದು ಬರೆಯುವುದಿಲ್ಲ. ನೀನು ಬಾಯಿಬಿಟ್ಟು ಬೈಯುವಂತಿದ್ದರೆ ಬರೆಯುತ್ತಿದ್ದೆ. ಈಗ ಸ್ಲೇಟು ತುಂಬ ಬರೆ, ನಿಂತು ಓದುತ್ತೇನೆ.

ಇಂತು,
ನಿನ್ನ ಮಗಳು,
ಆಯ್ತಮ್ಮ

ಮರೆತದ್ದಲ್ಲ, ಈಗ ತಾನೇ ಸಿಕ್ಕಿದ್ದು: ಲಕೋಟೆ ಅಂಟಿಸುವ ಮೊದಲು ಕೊನೆಯ ಸಲ ಎಂದು ಪ್ಲೇಯರಿನ ನಾನೂರು ಹಾಡುಗಳ ಪಟ್ಟಿಯನ್ನು ಒಂದೊಂದಾಗಿ ನೋಡಿದೆ. ಕಟ್ಟಕಡೆಯಲ್ಲಿ ಹೆಸರಿಲ್ಲದ್ದೊಂದಿದೆ, ಬರೀ ತಾರೀಖು. ಪ್ಲೇಯರು ಕೊಂಡುತಂದ ದಿನ ನೀನು ಪರೀಕ್ಷೆಗೆಂದು ಒತ್ತಿ ನೋಡಿದ್ದು. ಆಗಲೇ ಕಂಪ್ಯೂಟರಿಗೆ ಬಂದು ಹಳೇ ಹಾಡುಗಳ ಕಡತದಲ್ಲಿ ಸೇರಿಹೋಗಿದ್ದದ್ದನ್ನು ಅದೇ ಈಗ ಹಾಡುಗಳ ಜೊತೆ ತುಂಬಿದೆ. ಇಪ್ಪತ್ತೆರಡು ಸೆಕೆಂಡು. ಹಲೋ, ಹಲೋ, ಕೇಳ್ತಿದ್ಯಾ ಇದು, ಅನ್ನುತ್ತೀಯ. ಆಮೇಲೆ ನಿನ್ನ ಮೈದಾನದ ದನಿಯಲ್ಲಿ, ಏಯ್, ಒಲೆ ಮೇಲೆ ಹಾಲಿದೆ, ಆರಿಸಿದ್ಯೇನೇ? ದೂರದಿಂದ ನಾನು ಆಯ್ತಮ್ಮಾ ಅನ್ನುತ್ತೇನೆ. ಏನ್ ಆಯ್ತು, ಸೀದ ವಾಸನೆ ಇಲ್ಲೀತನಕ ಬರ್ತಿದೆ ಎಂದು ನೀನು ನಗುತ್ತೀಯ. ನಗುನಗುತ್ತಲೇ ನಿಂತುಹೋಗುತ್ತದೆ. ಮತ್ತೆ ಕಂಪ್ಯೂಟರಿಗೆ ಚುಚ್ಚುವ ಧೈರ್ಯವಿಲ್ಲ, ಇಯರ್‌ಫೋನಿನ ಪಕ್ಕ ಫೋನು ಹಿಡಿದು ಮೂರು ಸಲ ತುಂಬಿಕೊಂಡಿದ್ದೇನೆ. ಅಣ್ಣನ ಮಗುವಿಗೆ ಅಜ್ಜಿಯ ದನಿಯೆಂದು ಸಿಗುವುದು ಇಷ್ಟೇ, ಅದರಲ್ಲೂ ಅತ್ತೆಯ ಸುಳ್ಳೊಂದು ಸೇರಿಕೊಂಡಿದೆ. ಆ ಸೀದ ಪಾತ್ರೆಯನ್ನು ಆ ದಿನ ನೀನೇ ಕೂತು ಉಜ್ಜಿದ್ದೆ, ಅದೂ ನೆನಪಾಯಿತು.